ದೇವಿಮನೆ ಘಾಟಿಯೂ ನಮ್ಮ ಗೇರ್‌ಬಾಕ್ಸ್ ಕೂಲರ್ರೂ

ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟಿ ಹತ್ತುವಾಗ ಮುಂದೊಂದು ಲೋಡ್ ಲಾರಿ ಸಿಕ್ರೆ ಆಟೋಮ್ಯಾಟಿಕ್ ಗಾಡಿಗೆ ನಿಜವಾದ ಪರೀಕ್ಷೆ, ಸ್ಪೀಡ್ ಇಲ್ದೆ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತೀನ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಲಾಕ್ ಆಗಲ್ಲ, ಒಳಗೆ ಸ್ಲಿಪ್ ಆಗ್ತಾ ಆಗ್ತಾ ಗೇರ್‌ಬಾಕ್ಸ್ ಎಣ್ಣೆ ಕಾಯ್ತಾನೇ ಹೋಗತ್ತೆ. ಹೋದ ಮಳೆಗಾಲಕ್ಕೆ ಮುಂಚೆ ಗೇರ್‌ಬಾಕ್ಸಿನ ಎಣ್ಣೆ ನೋಡೋ ಕಡ್ಡಿ, ಡಿಪ್‌ಸ್ಟಿಕ್ ತೆಗೆದು ಬಿಳಿ ಬಟ್ಟೆಗೆ ಒರೆಸಿ ನೋಡಿದ್ರೆ, ಕೆಂಪಗಿರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು, ಮೇಲಿಂದ ಸೀದ ವಾಸನೆ. ಹೊಟ್ಟೆ ಚುರ್ ಅಂತು ನೋಡಿ.

ಎಣ್ಣೆ ಬದಲಾಯ್ಸಿ, ರೇಡಿಯೇಟರ್ ಮುಂದೆ ಈ ಎಣ್ಣೆ ತಣ್ಣಗೆ ಮಾಡೋಕೆ ಅಂತ್ಲೇ ಬೇರೆ ಕೂಲರ್ ಕೂರಿಸ್ದೆ. ರೇಡಿಯೇಟರ್ ಒಳಗಿನ ಕೊಳವೇಲಿ ಒಂದ್ಸಲ ತಣ್ಣಗಾಗಿ ಬಂದ ಗೇರ್‌ಬಾಕ್ಸ್ ಎಣ್ಣೆ ಇದ್ರಲ್ಲಿ ಇನ್ನೊಂದ್ಸಲ ತಣ್ಣಗಾಗಿ ಗೇರ್‌ಬಾಕ್ಸಿಗೆ ವಾಪಸ್. ಮುಂಚೆ 115 ಡಿಗ್ರಿ ದಾಟ್ತಿದ್ದಿದ್ದು ಈಗ ಘಾಟಿ ತುದೀಲೂ 90ರ ಆಸುಪಾಸು! ಹೋಸ್ ಮಾತ್ರ ಗೇರ್ ಎಣ್ಣೆ ಬಿಸಿ ತಡೆಯೋದೇ ಹಾಕ್ಸಿ, ಮತ್ತೆ ನಮ್ಮ ಕಡಲ ಉಪ್ಪುಗಾಳಿ ಕೂಲರ್ರಿನ ತೆಳು ಅಲ್ಯುಮಿನಿಯಂ ರೆಕ್ಕೆಗಳನ್ನ (ಫಿನ್) ತಿಂದುಬಿಡತ್ತೆ, ಆಗಾಗ ಸಿಹಿನೀರಲ್ಲಿ ತೊಳೀತಿರಿ.