ಹೆಸರು ಹಿಡಿದು ಕೂಗಿದ ದಿನ

2018ರ ಮೇ ತಿಂಗಳು. ವಿಧಾನಸಭೆ ಚುನಾವಣೆ ಮುಗಿದ ಹೊಸತು. ಟೀ ಅಂಗಡಿಗಳಲ್ಲಿ ಸರ್ಕಾರ ಯಾರದು ಅನ್ನುವ ಮಾತು ನಡೆದಿದ್ದರೆ, ನನ್ನ ಅಂಗನವಾಡಿಯಲ್ಲಿ ಬೇರೆಯದೇ ಮಾತು. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಶುರುವಾದ ಮೇಲೆ ಊರಿನ ಬಸುರಿಯರು, ಬಾಣಂತಿಯರು ಮಧ್ಯಾಹ್ನದ ಊಟಕ್ಕೆ ಕೇಂದ್ರಕ್ಕೇ ಬರುತ್ತಿದ್ದರು. ಅನ್ನ, ಸಾರು, ಮೊಟ್ಟೆ ಬಡಿಸುವಷ್ಟರಲ್ಲಿ ಒಂದು ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ಅದರ ಜೊತೆಗೊಂದು ಆಡಿಯೋ: ಮಕ್ಕಳ ಕಳ್ಳರು ನೂರಾರು ಜನ ರಾಜ್ಯದೊಳಗೆ ಬಂದಿದ್ದಾರೆ, ಅಪರಿಚಿತರು ಕಂಡರೆ ಬಿಡಬೇಡಿ.

"ನೋಡಿ ಮಿಸ್, ಎಂಗ್ ಎತ್ಕಂಡು ಹೋದ್ರು" ಅಂತ ಏಳು ತಿಂಗಳ ಬಸುರಿಯೊಬ್ಬಳು ತಟ್ಟೆ ಪಕ್ಕಕ್ಕಿಟ್ಟಳು. ಅವಳಿಗೆ ಅನ್ನ ಸೇರಲಿಲ್ಲ. ಆ ಭಯವನ್ನು ನಾನು ಹಗುರವಾಗಿ ನೋಡಲಾರೆ. ಮುಂದೆ ಆದದ್ದಕ್ಕೆಲ್ಲ ಬೇರು ಅಲ್ಲೇ ಇತ್ತು. ದ್ವೇಷ ಆಮೇಲೆ ಸೇರಿಕೊಂಡಿತು, ಮೊದಲು ಬಂದದ್ದು ಮಕ್ಕಳ ಮೇಲಿನ ಜೀವ.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26ರ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕೈಕಾಲು ಕಟ್ಟಿ ಹೊಡೆದು ಕೊಂದರು. ಅದರ ಬೆನ್ನಲ್ಲೇ ನಮ್ಮೂರಿನ ಸರದಿ ಬಂತು. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಊರು, ಸುತ್ತ ತೆಂಗಿನ ತೋಟ, ಒಂದೇ ಬಸ್ ಸ್ಟಾಂಡು.

ಮೊಪೆಡ್ ಮೇಲೆ ಬೆಡ್‌ಶೀಟಿನ ಗಂಟು ಕಟ್ಟಿಕೊಂಡು ಒಬ್ಬ ಬಂದಿದ್ದ. ಉತ್ತರದ ಕಡೆಯವನು, ಕನ್ನಡ ಬಾರದು. ಬಿಸಿಲು ಏರಿತ್ತು. ಮಿನಿ ಟ್ಯಾಂಕ್ ಹತ್ತಿರ ಆಡುತ್ತಿದ್ದ ಹುಡುಗಿಯನ್ನು ಹತ್ತಿರ ಕರೆದು ಬಾಟಲಿ ತೋರಿಸಿ "ಪಾನಿ" ಅಂದಿದ್ದಾನೆ. ಮನೆಯಲ್ಲಿ ಆ ವಿಡಿಯೋ ನೋಡಿದ್ದ ಮಗು ಕಿರುಚಿಕೊಂಡು ಓಡಿದೆ. ಅಷ್ಟೇ.

ಗಲಾಟೆ ಕೇಳಿ ನಾನು ಹೊರಗೆ ಬರುವ ಹೊತ್ತಿಗೆ ಬಸ್ ಸ್ಟಾಂಡಿನಲ್ಲಿ ಜನ ತುಂಬಿದ್ದರು. ಮೊಪೆಡ್ ಉರುಳಿಬಿದ್ದಿತ್ತು. ಹಸಿರು, ಕೆಂಪು ಹೂವಿನ ಬೆಡ್‌ಶೀಟುಗಳು ಮಣ್ಣಿನಲ್ಲಿ ಹರಡಿ, ಜನ ಅವುಗಳ ಮೇಲೇ ನಿಂತಿದ್ದರು. ನಡುವೆ ಅವನು ಕೂತಿದ್ದ, ಎರಡೂ ಕೈ ತಲೆಯ ಮೇಲೆ. ಬೆರಳ ಸಂದಿನಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಒಬ್ಬನ ಕೈಯಲ್ಲಿ ತೆಂಗಿನ ಮಟ್ಟೆ, ಇನ್ನೊಬ್ಬನ ಕೈಯಲ್ಲಿ ಬೆಲ್ಟು. ನಾಲ್ಕಾರು ಫೋನುಗಳು ಮೇಲೆದ್ದಿದ್ದವು.

ನನಗಿಂತ ಮೊದಲು ಒಳಗೆ ನುಗ್ಗಿದ್ದು ಬಸ್ ಸ್ಟಾಂಡಿನಲ್ಲಿ ಹೂವು ಕಟ್ಟಿ ಮಾರುವ ಅಜ್ಜಿ. ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಅವನ ಪಕ್ಕ ಮಣ್ಣಲ್ಲಿ ಕೂತು, ತಮ್ಮ ಸೆರಗನ್ನು ಅವನ ತಲೆಗೆ ಒತ್ತಿ ಹಿಡಿದರು. "ಒಡೀರಪ್ಪಾ, ನಂಗೂ ಎರಡು ಬೀಳ್ಳಿ" ಅಂದರು. ಮಟ್ಟೆ ಎತ್ತಿದ್ದವನು ಎತ್ತಿಕೊಂಡೇ ನಿಂತ. ಅಜ್ಜಿಯ ಬೆನ್ನಿಗೆ ಹೊಡೆಯದೆ ಅವನಿಗೆ ಹೊಡೆಯಲು ಆಗುವಂತಿರಲಿಲ್ಲ.

ಆ ಒಂದು ಗಳಿಗೆ ಸಿಕ್ಕಿದ್ದರಿಂದ ನನಗೆ ಮುಖಗಳು ಕಂಡವು. ಅವರಲ್ಲಿ ಅರ್ಧಕ್ಕರ್ಧ ನನ್ನ ಅಂಗನವಾಡಿಯಲ್ಲಿ ಆಡಿ ಬೆಳೆದವರು. ಬೆಲ್ಟು ಹಿಡಿದವನು ಮೂರು ವರ್ಷದವನಿದ್ದಾಗ ತೂಕದ ತಕ್ಕಡಿ ಕಂಡರೆ ನನ್ನ ಕೊರಳಿಗೆ ಜೋತುಬೀಳುತ್ತಿದ್ದ. ನಾನು ಹಾಜರಿ ಕೂಗುವ ಹಾಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು, ಅಪ್ಪನ ಹೆಸರೂ ಸೇರಿಸಿ ಕೂಗಿದೆ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಅವರೆಲ್ಲ ಇನ್ನೂ ಇಲ್ಲೇ ಬಾಳಬೇಕಾದವರು. "ನೀನು ಬಾರೋ ಇಲ್ಲಿ, ನೀರು ತಗಂಬಾ. ನೀನು 108ಕ್ಕೆ ಫೋನ್ ಮಾಡು. ಆ ಬೆಡ್‌ಶೀಟಿನ ಮೇಲಿಂದ ಇಳೀರೋ." ಧ್ವನಿ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಹೆಸರು ಕರೆಸಿಕೊಂಡವನು ಗುಂಪಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಗುಂಪಿನಲ್ಲಿದ್ದಾಗ ಯಾರೂ ಯಾರ ಮಗನೂ ಅಲ್ಲ. ಹೆಸರು ಕೇಳಿದ ತಕ್ಷಣ ಅವನಿಗೆ ಮನೆ, ಅಮ್ಮ, ನಾಳೆ ಬೆಳಿಗ್ಗೆ ಎಲ್ಲ ನೆನಪಾಗುತ್ತವೆ.

ಎಲ್ಲರೂ ಸರಿಯಲಿಲ್ಲ. ಪಕ್ಕದೂರಿನಿಂದ ಬಂದಿದ್ದ ಇಬ್ಬರು ನನ್ನನ್ನೂ ಬೈದರು, ಕಳ್ಳನ ಜೊತೆ ಪಾಲಿದೆಯಾ ಅಂದರು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗರೇ ಅವರಿಗೆ ಅಡ್ಡ ನಿಂತರು.

ನೀರು ಬಂತು. ಲೋಟ ಹಿಡಿಯಲು ಅವನ ಕೈಗೆ ಆಗಲಿಲ್ಲ, ಅಜ್ಜಿಯೇ ಕುಡಿಸಿದರು. "ಊಟ ಮಾಡಿದ್ಯೇನಪ್ಪಾ?" ಅಂತ ಕನ್ನಡದಲ್ಲೇ ಕೇಳಿದರು. ಅವನಿಗೆ ಏನು ಅರ್ಥವಾಯಿತೋ, ಆವರೆಗೆ ಅಳದವನು ಆಗ ಅತ್ತ. ಪೊಲೀಸರೂ ಆಂಬುಲೆನ್ಸೂ ಬಂದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ತಲೆಗೆ ಹೊಲಿಗೆ ಬಿತ್ತು, ಎಡಗೈ ಮೂಳೆ ಮುರಿದಿತ್ತು. ಜೀವ ಉಳಿಯಿತು.

ಪೊಲೀಸರಿಗೆ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಯಾರು ಹೊಡೆದರು ಅನ್ನುವುದನ್ನೂ ಸೇರಿಸಿ. "ನಮ್ಮ ಹುಡುಗ್ರು ಮಿಸ್, ಕರುಣೆ ಇಲ್ವಾ ನಿಮ್ಗೆ" ಅಂದವರು ಬಹಳ. ನನ್ನ ಎಣಿಕೆಯಲ್ಲಿ ಕರುಣೆ ಅಂದರೆ ಪೆಟ್ಟು ತಿಂದವನ ನೋವನ್ನು ಮುಚ್ಚಿಹಾಕುವುದಲ್ಲ. ಹಾಗೆಂದು ಹೊಡೆದವನ ಮನೆಯ ಬಾಗಿಲು ತುಳಿಯದೆ ಇರುವುದೂ ಅಲ್ಲ. ಮಟ್ಟೆ ಎತ್ತಿದ್ದ ಹುಡುಗನಿಗೆ ಎರಡು ವರ್ಷದ ಮಗಳಿದ್ದಳು. ಆ ವಿಡಿಯೋ ಬಂದಾಗಿನಿಂದ ರಾತ್ರಿ ಬಾಗಿಲಿಗೆ ಮಂಚ ಅಡ್ಡ ಇಟ್ಟುಕೊಂಡು ಮಲಗುತ್ತಿದ್ದ ಅಂತ ಅವನ ಹೆಂಡತಿ ಹೇಳಿದಳು. ಜಾಮೀನಿನ ಮೇಲೆ ಬಂದ ಮೇಲೆ ನಾನು ಅವನ ಮನೆಗೆ ಹೋದೆ. ಅವನ ತಾಯಿ ಎದ್ದು ಒಳಗೆ ಹೋದರು. ಇವತ್ತಿಗೂ ನನ್ನ ಜೊತೆ ಮಾತಿಲ್ಲ.

ಆ ದಿನ ಅವನಿಗೆ ಇಡೀ ವಿಡಿಯೋ ತೋರಿಸಿದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜೋಪಾನ ಮಾಡಿ ಅಂತ ಹೆತ್ತವರಿಗೆ ಹೇಳಲು ಮಾಡಿದ ಜಾಹೀರಾತು. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸು ಬಿಟ್ಟು, ಎಚ್ಚರಿಕೆ ಬರೆದ ಫಲಕ ಎತ್ತಿ ಹಿಡಿಯುತ್ತಾರೆ. ಆ ಕೊನೆಯನ್ನು ಕತ್ತರಿಸಿ ಯಾರೋ ಹರಿಯಬಿಟ್ಟಿದ್ದರು. ಮಕ್ಕಳನ್ನು ಕಾಯಲೆಂದು ಮಾಡಿದ್ದು ಮನುಷ್ಯರನ್ನು ಕೊಲ್ಲಿಸಿತು. ಅವನು ಅದನ್ನು ಎರಡು ಸಲ ನೋಡಿದ. ಏನೂ ಹೇಳಲಿಲ್ಲ. ಮಾರನೆಯ ದಿನ ಬಸ್ ಸ್ಟಾಂಡಿನ ಅಂಗಡಿಯಲ್ಲಿ ಎತ್ತಿಟ್ಟಿದ್ದ ಬೆಡ್‌ಶೀಟುಗಳನ್ನು ತಂದು, ಹೆಂಡತಿ ಜೊತೆ ಸೇರಿ ಒಗೆದು ಒಣಹಾಕಿದ. ಹರಿದವುಗಳಿಗೆ ದುಡ್ಡು ಸೇರಿಸಿದ. ಇನ್ನಿಬ್ಬರೂ ಕೈಜೋಡಿಸಿದರು, ಬೆಲ್ಟಿನವನು ಸೇರಲಿಲ್ಲ. ಗಂಟು ಕಟ್ಟಿ ಪೊಲೀಸರ ಮೂಲಕ ಕಳಿಸಿದೆವು. ಕೇಸಿಗೆ ಇದರಿಂದ ಏನೂ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದೆ. "ಆಗ್ಬೇಡ ಬಿಡಿ" ಅಂದ.

ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಿಂದ ಸುದ್ದಿ ಬಂತು. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದೇ ನೆಪವಾಗಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಹೋಯಿತು. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟಾಯಿತು. ದಿನಾ ಮಕ್ಕಳ ಕೈಗೆ ಏನಾದರೊಂದು ಕೊಡುವವಳು ನಾನು. ಅದನ್ನು ಓದಿದ ದಿನ ಚಿಕ್ಕಿ ಹಂಚುವಾಗ ಕೈ ತಡೆದಂತಾಯಿತು. ಅದೇ ತಿಂಗಳು 17ರಂದು ಸುಪ್ರೀಂ ಕೋರ್ಟು ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಯ ನೋಡಲ್ ಅಧಿಕಾರಿ ಇರಬೇಕೆಂದಿತು. ವಾಟ್ಸಾಪ್ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಆಗುವಂತೆ ಮಿತಿ ಹಾಕಿತು. ಎರಡೂ ಬೇಕಾದವೇ. ಆದರೆ ಅಧಿಕಾರಿ ಜೀಪು ಹತ್ತುವ ಮೊದಲೇ ಮಟ್ಟೆ ಮೇಲೆದ್ದಿರುತ್ತದೆ. ಆ ಹೊತ್ತಿಗೆ ಅಲ್ಲಿರುವವರು ಹೂವಿನ ಅಜ್ಜಿಯಂಥವರೇ.

ಅಜ್ಜಿ ಈಗಿಲ್ಲ. ಕೇಸು ಇನ್ನೂ ನಡೆದಿದೆ. ಸುಳ್ಳು ಸುದ್ದಿಯೂ ಆಗಾಗ ಹೊಸ ವಿಡಿಯೋ ಹೊತ್ತು ಬರುತ್ತಲೇ ಇದೆ. ಮೊನ್ನೆ ಅಂಥದ್ದೊಂದು ಹರಿದಾಡುತ್ತಿದ್ದ ಹೊತ್ತಿನಲ್ಲೇ ಮಟ್ಟೆ ಎತ್ತಿದ್ದ ಆ ಹುಡುಗನ ಫೋನು ಬಂತು.

"ಮಿಸ್, ಬಸ್ ಸ್ಟಾಂಡಲ್ಲಿ ಒಂದು ಹೆಂಗಸು, ತಲೆ ಸರಿ ಇದ್ದಂಗಿಲ್ಲ. ಮಗು ಮಾತಾಡ್ಸಿದ್ಲು ಅಂತ ಜನ ಸೇರ್ತಾವ್ರೆ. ಪಂಚಾಯ್ತಿ ಆಫೀಸೊಳಗೆ ಕೂರ್ಸಿದೀನಿ, 112ಕ್ಕೂ ಹೇಳಿದೀನಿ. ಬರೀ ತೆಲುಗು ಮಾತಾಡ್ತಾಳೆ. ಯಾರಿಗ್ ಬರುತ್ತೆ ತೆಲುಗು?"

ಪಾವಗಡದಿಂದ ಬಂದ ಸೊಸೆಯೊಬ್ಬಳು ನಮ್ಮ ಬೀದಿಯಲ್ಲೇ ಇದ್ದಾಳೆ. ಅವಳನ್ನು ಕರೆದುಕೊಂಡು ಹೋದೆ. ಬಾಗಿಲಿಗೆ ಬೆನ್ನು ಕೊಟ್ಟು ಅವನೇ ನಿಂತಿದ್ದ. ಹೊರಗೆ ನಿಂತವರಿಗೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಏನೋ ಹೇಳುತ್ತಿದ್ದ. ಒಳಗೆ ಆ ಹೆಂಗಸು ಬನ್ನು ತಿನ್ನುತ್ತಿದ್ದಳು. ಸೊಸೆ ಮಾತಾಡಿಸಿದ ಮೇಲೆ ಹಿಂದೂಪುರದ ಕಡೆಯವಳೆಂದು ತಿಳಿಯಿತು. ಪೊಲೀಸರು ಮನೆಯವರನ್ನು ಹುಡುಕಿದರು, ಸಂಜೆಗೆ ಅವಳ ಅಣ್ಣ ಬಂದು ಕರೆದುಕೊಂಡು ಹೋದ.