ಕೊಂಬೆ ಮೇಲಿನ ಅಮ್ಮ

ಮಾರ್ಚ್ 12, 2025, ಬುಧವಾರ
ಮೈಸೂರು

ಸಂಜೆ ತಂಗಿ ಮಗಳು ಪುಟ್ಟಿ ನಾನು ಬರೆಯುತ್ತಿರುವ ಮಕ್ಕಳ ಪುಸ್ತಕದ 14-15ನೇ ಪುಟದ ಚಿತ್ರ ತಂದಿದ್ದಳು. ನೋಡಿದ ಕೂಡಲೇ ಖುಷಿಯಾಯಿತು. ಆಮೇಲೆ ಸಂಕಟ ಶುರುವಾಯಿತು. ಈಗ ರಾತ್ರಿ ಹನ್ನೊಂದು ದಾಟಿದೆ, ಇನ್ನೂ ಅದೇ ತಲೆಯಲ್ಲಿದೆ.

ಪುಸ್ತಕದ ಕಥೆ ಗೊತ್ತಲ್ಲ. ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಗೂಡಿನಿಂದ ಹೆಜ್ಜಾರ್ಲೆ (ಪೆಲಿಕನ್) ಮರಿಯೊಂದು ಕೆಳಗೆ ಬೀಳುತ್ತದೆ. ಗೂಡಲ್ಲಿದ್ದಷ್ಟು ದಿನ ಅಮ್ಮನ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿ ಮೀನು ತಿಂದ ಮರಿ ಅದು. ನೆಲಕ್ಕೆ ಬಿದ್ದರೆ ಅಪ್ಪ ಅಮ್ಮ ಇಳಿದು ಬಂದು ಸಾಕುವುದಿಲ್ಲ. ನಾಯಿ ಬಾಯಿಗೆ ಸಿಗಬೇಕು, ಇಲ್ಲಾ ಹಸಿವಿನಿಂದ ಸಾಯಬೇಕು. ಅದಕ್ಕೇ ಆ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿದರು. ನನಗೆ ಬರೆಯಬೇಕು ಅನ್ನಿಸಿದ್ದೇ ಅದನ್ನು ಕೇಳಿ. ಕಥೆಯಲ್ಲಿ ಅಮ್ಮ ಬರುವುದಿಲ್ಲ, ಊರವರು ಬರುತ್ತಾರೆ. ಮಕ್ಕಳ ಪುಸ್ತಕ ಅಂತ ಅದನ್ನು ಬದಲಾಯಿಸಲು ನನಗೆ ಮನಸ್ಸಿಲ್ಲ.

ಪುಟ್ಟಿ ಏನು ಮಾಡಿದ್ದಾಳೆ ಅಂದರೆ, ಮೇಲಿನ ಕೊಂಬೆಯಲ್ಲಿ ಅಮ್ಮನನ್ನು ಕೂರಿಸಿದ್ದಾಳೆ. ಕತ್ತು ಬಗ್ಗಿಸಿ ಮರಿಯನ್ನೇ ನೋಡುತ್ತಿದೆ.

“ಇದು ಯಾಕೆ ಇಲ್ಲಿ ಕೂತಿದೆ?” ಅಂದೆ.

“ಇನ್ನೆಲ್ಲಿಗೆ ಹೋಗುತ್ತೆ ದೊಡ್ಡಮ್ಮ? ಗೂಡಲ್ಲಿ ಇನ್ನೊಂದು ಮರಿ ಇದೆ ಅಂತ ನೀವೇ ಬರೆದಿದ್ದೀರಲ್ಲ.”

“ನೋಡ್ತಾ ಇದ್ದೂ ಯಾಕೆ ಇಳಿಯಲಿಲ್ಲ ಅಂತ ಮಕ್ಕಳು ಕೇಳ್ತಾರೆ ಕಣೇ.”

“ಕೇಳಲಿ.”

“ಓದಿ ಹೇಳುವವರು ಏನು ಉತ್ತರ ಕೊಡಬೇಕು?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಏನಾದರೂ ಹೇಳಿಕೊಳ್ಳಲಿ. ಬಿಟ್ಟು ಹೋದಳು ಅಂತ ಮಾತ್ರ ಅನ್ನಿಸಬಾರದು. ಅವಳು ಅಲ್ಲೇ ಇದ್ದಳು, ಇಳಿದು ಬರೋಕೆ ಆಗಲಿಲ್ಲ ಅಷ್ಟೆ.”

ನನಗೆ ಮಾತು ಬರಲಿಲ್ಲ. ಅವಳು ಒಂದನೇ ಕ್ಲಾಸಿನಿಂದ ನಮ್ಮ ಮನೆಯಲ್ಲೇ ಬೆಳೆದವಳು. ತಂಗಿ ಮುಂಬೈಯಿಂದ ಬೇಸಿಗೆಗೊಮ್ಮೆ ಬರುತ್ತಿದ್ದಳು. ಆ ದಿನಗಳ ಬಗ್ಗೆ ಪುಟ್ಟಿ ಯಾವತ್ತೂ ಮಾತಾಡಿದವಳಲ್ಲ. ಇವತ್ತೂ ನಾನು ಕೇಳಲಿಲ್ಲ. ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟಳು. ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಕಲಿತದ್ದರಿಂದ ಕೈ ಪಳಗಿದೆ ಅಂತ ಎಲ್ಲರ ಹತ್ತಿರ ಹೇಳುತ್ತಿರುತ್ತೇನೆ. ಈ ಚಿತ್ರ ಬರೀ ಕೈಯಿಂದ ಬಂದದ್ದಲ್ಲ.

ಈಗ ಪುಟದ ಲೆಕ್ಕ. ಇದರ ಮುಂದೆ ಎರಡು ಪುಟ ತುಂಬಾ ಮಾತೇ ಇಲ್ಲದ ಚಿತ್ರ ಬೇಕು ಅನ್ನಿಸುತ್ತಿದೆ. ಅಮ್ಮ ಗೂಡಿನ ಮರಿಗೆ ತಿನ್ನಿಸುತ್ತಿರುವುದು, ಕೆಳಗೆ ಈ ಮರಿ. ಆದರೆ ಪುಸ್ತಕ ಈಗ ಸರಿಯಾಗಿ 24 ಪುಟ ಇದೆ. ಸೆಂಟರ್ ಪಿನ್ ಹೊಡೆಯುವ ಪುಸ್ತಕಕ್ಕೆ ನಾಲ್ಕು ನಾಲ್ಕೇ ಪುಟ ಸೇರಬೇಕು. ಹಾಗಾದರೆ 28. ಪ್ರೆಸ್ಸಿನವರು ಮೊದಲೇ ಹೇಳಿದ್ದಾರೆ, “24 ಮಾಡಿ, ಇಲ್ಲಾ 32 ಮಾಡಿ ಮೇಡಂ. ಫಾರಂ ಅಂದ್ರೆ ಅಚ್ಚಿನ ಒಂದು ದೊಡ್ಡ ಹಾಳೆ, 16 ಪುಟದ್ದು, 28 ಅಂದ್ರೆ ಕಾಗದ ವೇಸ್ಟು.” 32 ಅಂದರೆ ಪುಟ್ಟಿ ಇನ್ನೂ ಎಷ್ಟು ಚಿತ್ರ ಬರೆಯಬೇಕು! ಅಚ್ಚು ಹಾಕುವ ಪ್ಲೇಟುಗಳ ಖರ್ಚೂ ಜಾಸ್ತಿ. 500 ಪ್ರತಿ ಹಾಕಿಸಿದರೂ 1000 ಹಾಕಿಸಿದರೂ ಪ್ಲೇಟಿನ ದುಡ್ಡು ಅಷ್ಟೇ, ಅದಕ್ಕೆ 1000 ಹಾಕಿಸಿ ಅನ್ನುತ್ತಾರೆ. ಸಾವಿರ ಪುಸ್ತಕ ಎಲ್ಲಿಡಲಿ, ಯಾರಿಗೆ ಮಾರಲಿ? ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ ಒಂದು ಉಚಿತ, ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಬರಬೇಕು. ಮಿಕ್ಕಿದ್ದೆಲ್ಲ ಚೀಟಿ ಎತ್ತಿದ ದುಡ್ಡಲ್ಲೇ ಆಗಬೇಕು.

ಆದರೂ ಆ ಎರಡು ಪುಟ ಬಿಡಲಾರೆ.

ಇನ್ನೊಂದು ಈಗ ಹೊಳೆಯಿತು. 14ನೇ ಪುಟದಲ್ಲಿ “ಮರಿ ಒಂಟಿಯಾಗಿತ್ತು” ಅಂತ ಇದೆ. ಮೇಲೆ ಅಮ್ಮ ಕೂತಿರುವಾಗ ಆ ಸಾಲು ನಿಲ್ಲುವುದಿಲ್ಲ, ಅಲ್ವಾ? “ಮರಿ ಮೇಲೆ ನೋಡಿತು” ಅಂದರೆ? ಅದು ಚಿತ್ರದಲ್ಲೇ ಕಾಣುತ್ತದೆ. “ಅಮ್ಮ ಕರೆಯಿತು” ಅಂತ ಹಾಕಿದರೆ, ಮುಂದಿನ ಪುಟದಲ್ಲಿ ಊರಿನ ಹುಡುಗಿ ಆ ಕೂಗು ಕೇಳಿ ಓಡಿ ಬರಬಹುದು. ಹಾಗಾದರೆ 16ನೇ ಪುಟದಿಂದ ಎಲ್ಲವೂ ಬದಲಾಗಬೇಕು.