22 ಮೆಟ್ಟಿಲು

ನಾನು ಈ ಕಾಲೇಜಿನಲ್ಲಿ ಓದುವಾಗ ಇತಿಹಾಸದ ತರಗತಿ ಇದ್ದದ್ದು ಮಹಡಿ ಮೇಲೆ. ಮೆಟ್ಟಿಲು 22. ಈ ಲೆಕ್ಕ ನನಗೆ ಮರೆಯೋದಿಲ್ಲ, ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕಿದ ಕಾಲನ್ನು ಒಂದೊಂದು ಮೆಟ್ಟಿಲಿಗೂ ಎತ್ತಿಡುತ್ತಿದ್ದವನು ನಾನಲ್ವಾ. ಮೇಲೆ ತಲುಪುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ಎರಡನೇ ವಾರ ಮೇಷ್ಟ್ರು ಹೆಚ್ಚು ಮಾತಾಡದೆ ತರಗತಿಯನ್ನೇ ಕೆಳಗಿಳಿಸಿದರು, ಹಳೇ ಸಾಮಾನು ತುಂಬಿದ್ದ ಕೋಣೆಗೆ. ಗೆಳೆಯರು ಬೆಂಚು ಹೊತ್ತರು. ಬೈಕೊಂಡೇ ಹೊತ್ತರು, ಅದನ್ನೂ ಹೇಳಬೇಕು.

ಪೆನ್‌ಹರ್ಸ್ಟ್ ಎಂಬ ಹೆಸರನ್ನು ಮೊದಲು ಕೇಳಿದ್ದು ಆ ಕೋಣೆಯಲ್ಲಿ. ಸಿಲಬಸ್‌ನಲ್ಲಿ ಇರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1908ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. 'ಬುದ್ಧಿಮಾಂದ್ಯ' ಅಂತ ಹಣೆಪಟ್ಟಿ ಹಚ್ಚಿದವರನ್ನು ಅಲ್ಲಿ ಇಡುತ್ತಿದ್ದರು. ಹೆಸರಲ್ಲಿ ಶಾಲೆ ಇತ್ತು. ಒಳಗೆ ಕಿಕ್ಕಿರಿದ ವಾರ್ಡುಗಳು, ಮಂಚಕ್ಕೆ ಕಟ್ಟಿಹಾಕಿದ ಮಕ್ಕಳು. 1968ರಲ್ಲಿ ಬಿಲ್ ಬಾಲ್ಡಿನಿ ಎಂಬ ಟಿವಿ ವರದಿಗಾರ ಇದನ್ನು ಐದು ಕಂತುಗಳಲ್ಲಿ ತೋರಿಸಿದ. ಆಮೇಲೆ ಪೆನ್ಸಿಲ್ವೇನಿಯಾದ ಇಂಥ ಮಕ್ಕಳ ಪೋಷಕರ ಸಂಘ ಕೋರ್ಟಿಗೆ ಹೋಯಿತು. 1972ರ ಹೊತ್ತಿಗೆ ಇಂಥ ಮಕ್ಕಳಿಗೂ ಆ ರಾಜ್ಯದ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಿತು. 1975ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ಪೆನ್‌ಹರ್ಸ್ಟ್ ಮುಚ್ಚಿದ್ದು ಮಾತ್ರ 1987ರಲ್ಲಿ.

ನಾನು ಇಸವಿಗಳನ್ನು ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರು ಪೆನ್ನು ಕೆಳಗಿಡು ಅಂದರು. "ಸಂಸ್ಥೆಯ ರಿಜಿಸ್ಟರಲ್ಲಿ ಹೆಸರು ಇರುತ್ತೆ, ತೂಕ ಇರುತ್ತೆ, ಕೊಟ್ಟ ಮಾತ್ರೆ ಇರುತ್ತೆ. ಮಲಗಿದ್ದವನು ಏನಂತಾನೆ?" ಆಮೇಲೆ ರೋಲಂಡ್ ಜಾನ್ಸನ್ ಬಗ್ಗೆ ಹೇಳಿದರು. 1958ರಲ್ಲಿ ಹುಡುಗನಾಗಿದ್ದಾಗಲೇ ಪೆನ್‌ಹರ್ಸ್ಟ್ ಸೇರಿ 13 ವರ್ಷ ಅಲ್ಲಿದ್ದವರು. ಹೊರಬಂದ ಮೇಲೆ ತಮ್ಮಂಥವರ ಸಂಘಟನೆಯ ಮುಂದಾಳಾದರು, ಅಲ್ಲಿ ತಮಗಾದದ್ದನ್ನು ತಮ್ಮ ಬಾಯಿಂದಲೇ ಹೇಳಿದರು.

ಪೂರ್ತಿ ಅರ್ಥವಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. 2010ರಲ್ಲಿ ಅದೇ ಕಟ್ಟಡಗಳಲ್ಲಿ ಯಾರೋ ಟಿಕೆಟ್ ಇಟ್ಟು 'ದೆವ್ವದ ಮನೆ' ಶುರು ಮಾಡಿದರು. ಜನ ದುಡ್ಡು ಕೊಟ್ಟು ಹೆದರಲು ಹೋಗುತ್ತಾರೆ! ಅಂಗವಿಕಲರ ಹಕ್ಕಿಗಾಗಿ ದುಡಿದವರು ಬೇಡ ಅಂದರೂ ನಡೆಯಿತು. ಓದಿ ನನಗೆ ಎರಡು ದಿನ ಸಿಟ್ಟು ಇಳಿಯಲಿಲ್ಲ. ಕಟ್ಟಡ ಉಳಿದರೆ ಸಾಲದು. ಅಲ್ಲಿದ್ದವರ ಮಾತನ್ನೂ ಉಳಿಸಬೇಕು, ಅದೂ ಅವರು ಬದುಕಿರುವಾಗಲೇ.

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂದ್ರೆ, ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗಿ ಸಿಕ್ಕಳು. ಕೆಳಗೆ ತರಗತಿ ಕೊಡಿ ಅಂತ ಕೇಳಿದ್ದಕ್ಕೆ, ಇಲ್ಲಿ ಹಿಂದೆ ಯಾರಿಗೂ ಹಾಗೆ ಮಾಡಿಲ್ಲ ಎಂಬ ಉತ್ತರ ಬಂತಂತೆ. ಹೇಳಿದವರು ಬೇಕಂತ ಸುಳ್ಳು ಹೇಳಿರಲಿಕ್ಕಿಲ್ಲ. ಹಳೇ ವೇಳಾಪಟ್ಟಿ ತೆಗೆಸಿ ನೋಡಿದೆ, ಅದರಲ್ಲಿ ಇಂದಿಗೂ ಮಹಡಿಯ ಕೋಣೆ ನಂಬರೇ ಇದೆ. ಮೇಷ್ಟ್ರು ಯಾರಿಗೂ ಅರ್ಜಿ ಕೊಡದೆ, ಸುಮ್ನೆ ಮಾಡಿಬಿಟ್ಟಿದ್ದರು. ಹಾಗಾಗಿ ಕಾಗದದಲ್ಲಿ ನಾನೂ ಇಲ್ಲ, ಆ ಕೋಣೆಯೂ ಇಲ್ಲ.

ಆದ್ದರಿಂದ ಇಲ್ಲಿ ಬರೆದುಕೊಡುತ್ತಿದ್ದೇನೆ. ಮಾಡಿದ್ದಾರೆ. ಮೆಟ್ಟಿಲ ಬುಡದ ಎಡಗಡೆ ಕೋಣೆ, ಪೂರ್ತಿ ಮೂರು ವರ್ಷ. ಬೆಂಚು ಹೊತ್ತವರಲ್ಲಿ ಇಬ್ಬರ ಫೋನ್ ನಂಬರ್ ನನ್ನ ಹತ್ತಿರ ಇದೆ. ಕೇಳಿದರೆ ಇನ್ನೊಂದು ಸಲ ಬೈಕೊಂಡೇ ಸಾಕ್ಷಿ ಹೇಳುತ್ತಾರೆ.